ಸಹಿ ಹಾಕುವ ಮುನ್ನ: ಬಿಡಿಭಾಗ ಕಾರ್ಖಾನೆಗಳ ಓದುಗರ ಪ್ರಶ್ನೆಗಳಿಗೆ ಉತ್ತರ

ಬಿಡದಿ, ಬೊಮ್ಮಸಂದ್ರ, ಪೀಣ್ಯ, ಮಾಲೂರು, ಅತ್ತಿಬೆಲೆ... ಈ ಸಲ ಬಂದ ಪ್ರಶ್ನೆಗಳೆಲ್ಲ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಗಳವು. ಆರ್ಡರ್ ಇಳಿದಿದೆ, ಪಾಳಿ ಕಡಿಮೆಯಾಗಿದೆ, ಎಚ್‌ಆರ್ ಕೋಣೆಗೆ ಒಬ್ಬೊಬ್ಬರನ್ನೇ ಕರೆಯುತ್ತಿದ್ದಾರೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ ಉತ್ತರಗಳನ್ನು ಅವುಗಳ ಪ್ರಕಾರವೇ ಬರೆದಿದ್ದೇವೆ. ಆ ದಿನಕ್ಕಿಂತ ಮೊದಲು ಕೆಲಸ ಹೋದವರಿಗೆ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯೇ ಆಧಾರ.

ಪ್ರಶ್ನೆ: ಕಾರು ಮಾರಾಟ ಸ್ವಲ್ಪವೇ ಇಳಿದಿದೆ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ನಮ್ಮಲ್ಲಿ ಮಾತ್ರ ಮೂರು ಪಾಳಿ ಹೋಗಿ ಒಂದೂವರೆ ಪಾಳಿಗೆ ಬಂದಿದೆ. ಆಡಳಿತ ಮಂಡಳಿ ಸುಳ್ಳು ಹೇಳುತ್ತಿದೆಯೇ? — ಬಿಡದಿ

ಉತ್ತರ: ಸುಳ್ಳೇ ಎಂದು ಹೇಳಲಾಗದು. ಒಂದು ಲೆಕ್ಕ ಹಾಕಿ ನೋಡಿ. ತಿಂಗಳಿಗೆ 100 ಕಾರು ಮಾರಾಟವಾಗುತ್ತಿತ್ತು, ಡೀಲರುಗಳ ಅಂಗಳದಲ್ಲಿ ಒಂದೂವರೆ ತಿಂಗಳಿಗೆ ಸಾಲುವಷ್ಟು, ಅಂದರೆ 150 ಕಾರು ನಿಂತಿದ್ದವು ಎಂದುಕೊಳ್ಳಿ. ಮಾರಾಟ 90ಕ್ಕೆ ಇಳಿಯಿತು. ಬಡ್ಡಿಯ ಹೊರೆ ತಾಳದ ಡೀಲರುಗಳು ಇನ್ನು ಒಂದೇ ತಿಂಗಳ ದಾಸ್ತಾನು ಸಾಕು ಎನ್ನುತ್ತಾರೆ. 150 ಇದ್ದದ್ದು 90 ಆಗಬೇಕು. ಎರಡು ತಿಂಗಳಲ್ಲಿ ಅದನ್ನು ಕರಗಿಸಬೇಕಾದರೆ ಕಾರು ಕಂಪನಿ ತಿಂಗಳಿಗೆ 60 ಕಾರನ್ನಷ್ಟೇ ತಯಾರಿಸುತ್ತದೆ. ನಿಮ್ಮ ಕಾರ್ಖಾನೆಯ ಗೋದಾಮಿನಲ್ಲೂ ಹದಿನೈದು ದಿನದ ಮಾಲು, ಅಂದರೆ 50 ಕಾರಿಗೆ ಆಗುವಷ್ಟು ಭಾಗಗಳಿವೆ. ಅದೂ 30ಕ್ಕೆ ಇಳಿಯಬೇಕು. ಹಾಗಾಗಿ ನಿಮ್ಮ ಯಂತ್ರಗಳಿಗೆ ತಿಂಗಳಿಗೆ 50 ಕಾರಿನ ಕೆಲಸ ಮಾತ್ರ ಉಳಿಯುತ್ತದೆ. ಶೋರೂಮಿನಲ್ಲಿ 10 ಇಳಿದದ್ದು ನಿಮ್ಮ ಶೆಡ್ಡಿನಲ್ಲಿ 50 ಇಳಿಯುತ್ತದೆ. ನಿಮಗೆ ಬುಷ್, ಪಿನ್ನು, ಎರಕದ ಭಾಗ ಕೊಡುವ ಪೀಣ್ಯದ ಸಣ್ಣ ಘಟಕಕ್ಕೆ ಪೆಟ್ಟು ಇನ್ನೂ ಹೆಚ್ಚು.

2019ರಲ್ಲಿ ನಡೆದದ್ದೂ ಇದೇ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಮೂಲಸೌಕರ್ಯ ಯೋಜನೆಗಳಿಗೆ ಸಾಲ ಕೊಡುತ್ತಿದ್ದ ಐಎಲ್‌ ಆ್ಯಂಡ್ ಎಫ್‌ಎಸ್ ಸಾಲ ತೀರಿಸಲಾಗದೆ ಕುಸಿದ ಮೇಲೆ ಬ್ಯಾಂಕೇತರ ಹಣಕಾಸು ಸಂಸ್ಥೆಗಳು ವಾಹನ ಸಾಲ ಬಿಗಿ ಮಾಡಿದವು. 2019ರ ಆಗಸ್ಟ್ ಹೊತ್ತಿಗೆ ಪ್ರಯಾಣಿಕ ವಾಹನಗಳ ಮಾರಾಟ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ 31ಕ್ಕೂ ಹೆಚ್ಚು ಕುಸಿದಿತ್ತು. ಆಗ ಮೊದಲು ಮನೆಗೆ ಹೋದವರು ಗುತ್ತಿಗೆ ಹಾಗೂ ತಾತ್ಕಾಲಿಕ ಕೆಲಸಗಾರರು.

ಈ ಲೆಕ್ಕದಲ್ಲಿ ನಿಮಗೆ ಬೇಕಾದ ಇನ್ನೊಂದು ಸಂಗತಿಯೂ ಇದೆ. ದಾಸ್ತಾನು ಕರಗಿದ ಮೂರನೇ ತಿಂಗಳು, ಮಾರಾಟ 90ರಲ್ಲೇ ನಿಂತಿದ್ದರೂ, ತಯಾರಿ 60ರಿಂದ 90ಕ್ಕೆ ಏರಲೇಬೇಕು. 'ಆರ್ಡರ್ ಅರ್ಧವಾಗಿದೆ, ಅದಕ್ಕೇ ಅರ್ಧ ಜನರನ್ನು ಶಾಶ್ವತವಾಗಿ ತೆಗೆಯುತ್ತೇವೆ' ಎಂಬ ಮಾತನ್ನು ಸಂಘದವರು ಅಲ್ಲಿಗೇ ಒಪ್ಪಬಾರದು. ಕಾರು ಕಂಪನಿ ಕಳಿಸುವ ಮುಂದಿನ ಮೂರು ತಿಂಗಳ ಶೆಡ್ಯೂಲ್ ಮತ್ತು ಗೋದಾಮಿನ ದಾಸ್ತಾನಿನ ಅಂಕಿಗಳನ್ನು ಮಾತುಕತೆಯ ಮೇಜಿನ ಮೇಲೆ ಕೇಳಿ. ತಾತ್ಕಾಲಿಕ ಇಳಿತಕ್ಕೆ ಲೇ-ಆಫ್, ಅಂದರೆ ಕೆಲಸದಿಂದ ತೆಗೆಯದೆ ಕೆಲವು ದಿನ ಮಾತ್ರ ಕೆಲಸ ಕೊಡದಿರುವ ದಾರಿ ಇದ್ದೇ ಇದೆ.

ಪ್ರಶ್ನೆ: ಹನ್ನೊಂದು ವರ್ಷ ಎಂಟು ತಿಂಗಳ ಕಾಯಂ ಸೇವೆ. ಎಚ್‌ಆರ್‌ನವರು ಕರೆದು, 'ನೀನೇ ರಾಜೀನಾಮೆ ಕೊಟ್ಟರೆ ಒಳ್ಳೆಯ ಸರ್ಟಿಫಿಕೇಟ್ ಕೊಡುತ್ತೇವೆ, ಇಲ್ಲದಿದ್ದರೆ ತೆಗೆದುಹಾಕಿದ್ದಾರೆ ಎಂದು ದಾಖಲೆಯಲ್ಲಿ ಬರುತ್ತದೆ' ಎಂದಿದ್ದಾರೆ. ಎರಡು ದಿನ ಸಮಯ ಕೊಟ್ಟಿದ್ದಾರೆ. ಏನು ಮಾಡಲಿ? — ಬೊಮ್ಮಸಂದ್ರ

ಉತ್ತರ: ಸಹಿ ಹಾಕಬೇಡಿ. ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ ಆಗಿರುವುದರಿಂದ ಬಿಡಿಸಿ ಬರೆಯುತ್ತೇವೆ.

ಕೆಲಸವಿಲ್ಲ ಎಂಬ ಕಾರಣಕ್ಕೆ ಕಂಪನಿಯೇ ನಿಮ್ಮನ್ನು ತೆಗೆದರೆ ಕಾನೂನಿನಲ್ಲಿ ಅದು ರಿಟ್ರೆಂಚ್‌ಮೆಂಟ್. ಅದು ಕಳಂಕವೂ ಅಲ್ಲ, ಶಿಸ್ತುಕ್ರಮವೂ ಅಲ್ಲ. ಮುಂದಿನ ಕಂಪನಿಯವರು 'ಆರ್ಡರ್ ಇಲ್ಲದೆ ತೆಗೆದರು' ಎಂಬ ಪತ್ರವನ್ನು ಯಾವ ಅನುಮಾನವೂ ಇಲ್ಲದೆ ಓದುತ್ತಾರೆ. ಆದರೆ ಹಾಳೆಯ ಮೇಲೆ 'ವೈಯಕ್ತಿಕ ಕಾರಣಗಳಿಂದ' ಎಂದು ಬರೆದು ಸಹಿ ಹಾಕಿದ ಗಳಿಗೆಯಿಂದ ನೀವಾಗಿಯೇ ಬಿಟ್ಟುಹೋದವರು. ಆಗ ಏನೇನು ಕೈತಪ್ಪುತ್ತದೆ ಎಂಬುದನ್ನು ನಿಮ್ಮದೇ ಅಂಕಿಯಲ್ಲಿ ನೋಡೋಣ.

ನೀವು ಕಳಿಸಿದ ಪೇ ಸ್ಲಿಪ್‌ನಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 18,200 ರೂಪಾಯಿ ಇದೆ. ಉಳಿದ ಭತ್ಯೆ ಸೇರಿದರೆ 24,700. ಸೇವೆಯಲ್ಲಿ ಆರು ತಿಂಗಳು ಮೀರಿದ ಭಾಗವನ್ನು ಪೂರ್ಣ ವರ್ಷವೆಂದೇ ಎಣಿಸುವುದರಿಂದ ನಿಮ್ಮದು 12 ವರ್ಷ. ಗ್ರಾಚ್ಯುಟಿಗೆ ತಿಂಗಳನ್ನು 26 ದಿನ ಎಂದು ಹಿಡಿಯುತ್ತಾರೆ: 18,200ನ್ನು 26ರಿಂದ ಭಾಗಿಸಿದರೆ 700, ಅದರ ಹದಿನೈದು ಪಟ್ಟು 10,500, ಹನ್ನೆರಡು ವರ್ಷಕ್ಕೆ 1,26,000. ಇದು ರಾಜೀನಾಮೆ ಕೊಟ್ಟರೂ ಸಿಗುತ್ತದೆ. ರಿಟ್ರೆಂಚ್‌ಮೆಂಟ್ ಪರಿಹಾರ ಬೇರೆಯೇ ಹಣ. ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ. ಇಲ್ಲಿ 26ರ ಭಾಗಾಕಾರವಿಲ್ಲ, ಅರ್ಧ ತಿಂಗಳ ಲೆಕ್ಕ. 9,100ರಂತೆ ಹನ್ನೆರಡು ವರ್ಷಕ್ಕೆ 1,09,200. ಒಂದು ತಿಂಗಳ ನೋಟಿಸ್ ಕೊಡದಿದ್ದರೆ ಅದರ ಬದಲಿಗೆ 18,200. ಎರಡೂ ಸೇರಿ 1,27,400. ಇದರ ಜೊತೆಗೆ ಹೊಸ ಸಂಹಿತೆಯ ಪ್ರಕಾರ, ಕೆಲಸ ಹೋದವರು ಹೊಸ ಕೌಶಲ ಕಲಿಯಲೆಂದು ಇರುವ ಮರುಕೌಶಲ ನಿಧಿಗೆ ಮಾಲೀಕರು ಹದಿನೈದು ದಿನದ ವೇತನ ಕಟ್ಟಬೇಕು; ಕೆಲಸ ಹೋದ 45 ದಿನದೊಳಗೆ ಅದು ಕಾರ್ಮಿಕನ ಖಾತೆಗೆ ಬರಬೇಕು. ಒಂದು ಸಹಿಗೆ ನೀವು ಬಿಟ್ಟುಕೊಡುವುದು ಇಷ್ಟು ಹಣ. ಒಂದು ವರ್ಷದೊಳಗೆ ಅದೇ ಕೆಲಸಕ್ಕೆ ಮತ್ತೆ ಜನ ತೆಗೆದುಕೊಂಡರೆ ತೆಗೆದವರನ್ನೇ ಮೊದಲು ಕರೆಯಬೇಕೆಂಬ ಹಕ್ಕೂ ಅದರೊಂದಿಗೆ ಹೋಗುತ್ತದೆ.

ಮೇಲಿನ ಲೆಕ್ಕ ಕನಿಷ್ಠದ್ದು. ಸಂಘದ ಒಪ್ಪಂದದಲ್ಲಿ ಹೆಚ್ಚಿನ ದರ ಇದ್ದರೆ ಅದೇ ನಡೆಯುತ್ತದೆ.

ಮುಂದಿನ ಎರಡು ದಿನದಲ್ಲಿ ಮಾಡಬೇಕಾದದ್ದು: ಕಳೆದ ಹನ್ನೆರಡು ತಿಂಗಳ ಪೇ ಸ್ಲಿಪ್, ನೇಮಕಾತಿ ಪತ್ರ, ಕಾಯಂ ಮಾಡಿದ ಪತ್ರ, ಗುರುತಿನ ಚೀಟಿಯ ಎರಡೂ ಬದಿ, ಇವನ್ನೆಲ್ಲ ಮೊಬೈಲಿನಲ್ಲಿ ಚಿತ್ರ ತೆಗೆದು ಮನೆಯವರ ಮೊಬೈಲಿಗೂ ಕಳಿಸಿ. ಕಂಪನಿಯ ಇಮೇಲ್ ಅಥವಾ ಆ್ಯಪ್‌ನಲ್ಲಿ ಮಾತ್ರ ಇರುವ ದಾಖಲೆಗಳನ್ನು ಇಂದೇ ಇಳಿಸಿಕೊಳ್ಳಿ. ಕೆಲಸ ಹೋದ ಸಂಜೆಯೇ ಲಾಗಿನ್ ಮುಚ್ಚುತ್ತಾರೆ. ಮತ್ತೆ ಕರೆದಾಗ 'ರಾಜೀನಾಮೆ ಕೊಡುವ ಮನಸ್ಸಿಲ್ಲ, ತೆಗೆಯುವುದಾದರೆ ಕಾರಣ ಬರೆದ ನೋಟಿಸ್ ಕೊಡಿ' ಎಂದಷ್ಟೇ ಹೇಳಿ. ವಾದ ಬೇಡ, ಗದ್ದಲ ಬೇಡ. ಗದ್ದಲವಾದರೆ ಅದೇ ಶಿಸ್ತುಕ್ರಮಕ್ಕೆ ನೆಪವಾಗುತ್ತದೆ. ಗೇಟಿನಲ್ಲಿ ತಡೆದರೂ ಪಾಳಿಯ ಹೊತ್ತಿಗೆ ಹೋಗಿ, 'ಕೆಲಸಕ್ಕೆ ಬಂದಿದ್ದೇನೆ, ಒಳಗೆ ಬಿಡುತ್ತಿಲ್ಲ' ಎಂದು ಎಚ್‌ಆರ್‌ಗೆ ಸಂದೇಶ ಕಳಿಸಿ. ಹಾಗೆ ಮಾಡದಿದ್ದರೆ 'ಹೇಳದೆ ಕೇಳದೆ ಗೈರುಹಾಜರಾದ' ಎಂಬ ಕತೆ ಹುಟ್ಟುತ್ತದೆ.

ಈಗಾಗಲೇ ಒತ್ತಡಕ್ಕೆ ಸಿಕ್ಕಿ ಸಹಿ ಹಾಕಿದವರೂ ಬರೆದಿದ್ದಾರೆ. ಅವರು ಅದೇ ದಿನ, ಬಹಳವೆಂದರೆ ಮರುದಿನ, ಇಮೇಲಿನಲ್ಲೂ ಸ್ಪೀಡ್ ಪೋಸ್ಟಿನಲ್ಲೂ ಹೀಗೆ ಬರೆಯಬೇಕು: 'ದಿನಾಂಕ ಇಂಥದ್ದರಂದು ಇಷ್ಟು ಗಂಟೆಗೆ ಎಚ್‌ಆರ್ ಕೋಣೆಯಲ್ಲಿ ನನ್ನಿಂದ ರಾಜೀನಾಮೆ ಪತ್ರಕ್ಕೆ ಸಹಿ ಪಡೆಯಲಾಗಿದೆ. ಪತ್ರವನ್ನು ಮೊದಲೇ ಮುದ್ರಿಸಿ ಇಟ್ಟಿದ್ದರು. ಅದು ನನ್ನ ಇಚ್ಛೆಯಿಂದ ಕೊಟ್ಟದ್ದಲ್ಲ. ಅದನ್ನು ಹಿಂಪಡೆಯುತ್ತಿದ್ದೇನೆ, ಕೆಲಸ ಮಾಡಲು ಸಿದ್ಧನಿದ್ದೇನೆ.' ಒಂದು ಪ್ರತಿ ಕಾರ್ಮಿಕ ಅಧಿಕಾರಿಗೂ ಹೋಗಲಿ. ತಿಂಗಳು ಕಳೆದು ಬರೆದ ಇದೇ ಪತ್ರಕ್ಕೆ ಬೆಲೆ ಬಹಳ ಕಡಿಮೆ.

ಹಣ ಪಡೆಯುವಾಗ 'ಪೂರ್ಣ ಹಾಗೂ ಅಂತಿಮ ಇತ್ಯರ್ಥ, ಇನ್ನು ಯಾವ ಬಾಕಿಯೂ ಇಲ್ಲ' ಎಂಬ ಹಾಳೆ ಮುಂದಿಡುತ್ತಾರೆ. ಮೊತ್ತ ಕಡಿಮೆ ಇದ್ದರೆ ಸಹಿಯ ಮೇಲೆ ನಿಮ್ಮ ಕೈಬರಹದಲ್ಲಿ 'ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ' ಎಂದು ಬರೆದು, ಮೊತ್ತ ಮತ್ತು ದಿನಾಂಕ ಹಾಕಿ, ಚಿತ್ರ ತೆಗೆದುಕೊಳ್ಳಿ. ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ, ಗ್ರಾಚ್ಯುಟಿ 30 ದಿನದೊಳಗೆ ಬರಬೇಕು. ತಡವಾದರೆ ಗ್ರಾಚ್ಯುಟಿಗೆ ಬಡ್ಡಿಯೂ ಸೇರುತ್ತದೆ. ಬಳಸದೆ ಉಳಿದ ಗಳಿಕೆ ರಜೆಯ ಹಣವನ್ನೂ ಮರೆಯಬೇಡಿ. ಬೋನಸ್ ಕೂಡ ಹಾಗೆಯೇ: ಆ ಲೆಕ್ಕದ ವರ್ಷದಲ್ಲಿ 30 ದಿನ ದುಡಿದಿದ್ದರೂ, ವೇತನ ಬೋನಸ್ ಮಿತಿಯೊಳಗಿದ್ದವರಿಗೆ, ದುಡಿದ ದಿನಗಳಿಗೆ ತಕ್ಕಂತೆ ಕನಿಷ್ಠ ಶೇ 8.33 ಬರಬೇಕು. ಮಾರ್ಚಿಗೆ ಮುಗಿಯುವ ವರ್ಷದ ಬೋನಸ್ಸನ್ನು ನವೆಂಬರ್ ಒಳಗೆ ಹೋಗಿ ಕೇಳಿ. ಕೆಲಸ ಬಿಟ್ಟವರನ್ನು ಕರೆದು ಕೊಡುವವರು ವಿರಳ.

ಪ್ರಶ್ನೆ: ನಮ್ಮ ಕಾರ್ಖಾನೆಯಲ್ಲಿ 220 ಜನ ಇದ್ದೇವೆ. ಸರ್ಕಾರದ ಅನುಮತಿ ಇಲ್ಲದೆ ತೆಗೆಯುವಂತಿಲ್ಲ ಎಂದು ಹಿರಿಯರು ಹೇಳುತ್ತಾರೆ. ನಿಜವೇ? — ಮಾಲೂರು

ಉತ್ತರ: ನೂರು ಜನರ ಮಿತಿ ಇದ್ದ ಕಾಲದಲ್ಲಿ ನಿಜವಾಗಿತ್ತು. ಹೊಸ ಸಂಹಿತೆ ಆ ಮಿತಿಯನ್ನು 300ಕ್ಕೆ ಏರಿಸಿದೆ. ಈಗ 300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಮಾತ್ರ ಮುಂಚಿತ ಅನುಮತಿ ಮತ್ತು ಮೂರು ತಿಂಗಳ ನೋಟಿಸ್ ಕಡ್ಡಾಯ. ಅಲ್ಲಿಯೂ ಸರ್ಕಾರ 60 ದಿನದಲ್ಲಿ ಉತ್ತರಿಸದಿದ್ದರೆ ಅನುಮತಿ ಸಿಕ್ಕಂತೆಯೇ. ಕಾರ್ಮಿಕರ ಪಾಲಿಗೆ ಇದು ದೊಡ್ಡ ನಷ್ಟ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ನಮ್ಮ ಕೈಗಾರಿಕಾ ಪ್ರದೇಶಗಳ ಬಿಡಿಭಾಗ ಘಟಕಗಳಲ್ಲಿ ಬಹಳಷ್ಟು ಈ ಎರಡು ಮಿತಿಗಳ ನಡುವೆಯೇ ಬರುತ್ತವೆ.

ಆದರೆ ಅನುಮತಿ ಬೇಡ ಎಂದಮಾತ್ರಕ್ಕೆ ನಿಯಮವೇ ಇಲ್ಲ ಎಂದಲ್ಲ. 12 ತಿಂಗಳಲ್ಲಿ 240 ದಿನ ದುಡಿದು ಒಂದು ವರ್ಷದ ನಿರಂತರ ಸೇವೆ ಆಗಿರುವ ಯಾರನ್ನೇ ತೆಗೆದರೂ ಕಾರಣ ಬರೆದ ನೋಟಿಸ್, ಪರಿಹಾರ ಎರಡೂ ಬೇಕು. ವೇತನಸಹಿತ ರಜೆಯ ದಿನಗಳೂ ಲೇ-ಆಫ್ ದಿನಗಳೂ ಆ 240ರಲ್ಲಿ ಸೇರುತ್ತವೆ. ಒಂದೇ ವಿಭಾಗದಲ್ಲಿ ಕೊನೆಗೆ ಬಂದವರನ್ನು ಮೊದಲು ಕಳಿಸಬೇಕು. ಕ್ರಮ ತಪ್ಪಿಸಿದರೆ ಕಾರಣವನ್ನು ದಾಖಲಿಸಬೇಕು. ಪ್ರಾಯೋಗಿಕವಾಗಿ ಹೆಚ್ಚು ತಪ್ಪು ನಡೆಯುವುದು ಇಲ್ಲಿಯೇ. ತೆಗೆಯುವ ತಿಂಗಳಿಗೆ ಸ್ವಲ್ಪ ಮೊದಲು ಹಿರಿಯರನ್ನು ಮೆಷಿನ್ ಶಾಪಿನಿಂದ ಪ್ಯಾಕಿಂಗಿಗೆ ವರ್ಗಾಯಿಸಿ, ಅಲ್ಲಿ ಅವರನ್ನೇ 'ಕಿರಿಯರು' ಮಾಡುತ್ತಾರೆ. ಹಾಗಾಗಿ ವರ್ಗಾವಣೆಯ ಆದೇಶ ಬಂದ ಕೂಡಲೇ 'ನನ್ನ ಸೇವಾ ಹಿರಿತನಕ್ಕೆ ಧಕ್ಕೆಯಾಗದಂತೆ' ಎಂಬ ಮಾತನ್ನು ಸೇರಿಸಿ ಉತ್ತರ ಕೊಟ್ಟಿರಿ.

ಪ್ರಶ್ನೆ: ತಿಂಗಳಿಗೆ ಎಂಟು ದಿನ 'ನೋ ಪ್ರೊಡಕ್ಷನ್ ಡೇ' ಎಂದು ಮನೆಯಲ್ಲೇ ಇರಲು ಹೇಳಿ ನಮ್ಮ ರಜೆಯಿಂದ ಕಡಿಯುತ್ತಿದ್ದಾರೆ. ಸರಿಯೇ? — ಬಿಡದಿ

ಉತ್ತರ: ನಿಮ್ಮ ಒಪ್ಪಿಗೆಯೋ ಸಂಘದ ಲಿಖಿತ ಒಪ್ಪಂದವೋ ಇಲ್ಲದೆ ಗಳಿಕೆ ರಜೆಯಿಂದ ಕಡಿಯುವುದು ಸರಿಯಲ್ಲ. ಕೆಲಸ ಕೊಡಲಾಗದ ದಿನ ಲೇ-ಆಫ್ ಆಗುತ್ತದೆ. ಐವತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ ಒಂದು ವರ್ಷದ ಸೇವೆಯಾದವರಿಗೆ ಅಂಥ ಪ್ರತಿ ದಿನಕ್ಕೂ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕು, ವಾರದ ರಜೆ ಬಿಟ್ಟು. ಹಾಜರಿ ಹಾಕಲು ದಿನಕ್ಕೊಮ್ಮೆ ಬರಬೇಕೆಂದು ಹೇಳಿದ್ದರೆ ಹೋಗಲೇಬೇಕು, ಹೋಗದಿದ್ದ ದಿನದ ಪರಿಹಾರ ಸಿಗುವುದಿಲ್ಲ. ಬದಲಿ ಕೆಲಸ ಅದೇ ಆವರಣದಲ್ಲೇ ಅದೇ ಸಂಬಳಕ್ಕೆ ಕೊಟ್ಟಾಗ ನಿರಾಕರಿಸಿದರೂ ಸಿಗುವುದಿಲ್ಲ. ಎಂಟು ದಿನದಲ್ಲಿ ನಾಲ್ಕು ದಿನ ರಜೆಯಿಂದ, ನಾಲ್ಕು ದಿನ ಕಂಪನಿಯ ಖರ್ಚಿನಿಂದ ಎಂದು ಸಂಘ ಒಪ್ಪಿಕೊಳ್ಳುವುದುಂಟು. ಕೆಲಸಗಳೇ ಉಳಿಯುವುದಾದರೆ ಅದು ಕೆಟ್ಟ ಒಪ್ಪಂದವಲ್ಲ. ಆದರೆ ಒಪ್ಪಂದದಲ್ಲಿ ಮುಗಿಯುವ ದಿನಾಂಕ ಇರಲಿ, ಆ ಅವಧಿಯಲ್ಲಿ ಯಾರನ್ನೂ ತೆಗೆಯುವುದಿಲ್ಲ ಎಂಬ ಸಾಲೂ ಇರಲಿ.

ಪ್ರಶ್ನೆ: ಆರು ವರ್ಷದಿಂದ ಒಂದೇ ಲೈನಿನಲ್ಲಿ ಕೆಲಸ. ಹನ್ನೊಂದು ತಿಂಗಳಿಗೊಮ್ಮೆ ಗುತ್ತಿಗೆದಾರನ ಹೆಸರು ಮಾತ್ರ ಬದಲಾಗುತ್ತದೆ. ಈಗ 'ನಾಳೆಯಿಂದ ಬರಬೇಡ' ಎಂದು ಫೋನಿನಲ್ಲಿ ಹೇಳಿದ್ದಾರೆ. ನನಗೇನಾದರೂ ಹಕ್ಕು ಇದೆಯೇ? — ನರಸಾಪುರ

ಉತ್ತರ: ಇದೆ, ಆದರೆ ದಾಖಲೆ ಇದ್ದಷ್ಟು ಮಾತ್ರ. ಮೊದಲು ಪಿಎಫ್ ಸದಸ್ಯ ಸಂಖ್ಯೆಯಾದ ಯುಎಎನ್ ಪಾಸ್‌ಬುಕ್ ತೆರೆದು ಆರು ವರ್ಷದಲ್ಲಿ ಯಾವ್ಯಾವ ಸಂಸ್ಥೆಯ ಹೆಸರಿನಲ್ಲಿ ಎಷ್ಟು ತಿಂಗಳು ಹಣ ಕಟ್ಟಿದ್ದಾರೆ ನೋಡಿ. ಬಿಟ್ಟುಹೋದ ತಿಂಗಳುಗಳನ್ನು ಬರೆದಿಟ್ಟುಕೊಳ್ಳಿ. ಕೊನೆಯ ತಿಂಗಳ ಸಂಬಳ, ಓಟಿ, ರಜೆಯ ಹಣವನ್ನು ಗುತ್ತಿಗೆದಾರ ಕೊಡದಿದ್ದರೆ ಕೊಡುವ ಹೊಣೆ ಮುಖ್ಯ ಕಂಪನಿಯದು. ಕೇಳಿಕೆ ಪತ್ರವನ್ನು ಇಬ್ಬರಿಗೂ ಕಳಿಸಿ. ಒಬ್ಬರಿಗೆ ಮಾತ್ರ ಕಳಿಸಿದರೆ 'ನಮಗೆ ಗೊತ್ತೇ ಇರಲಿಲ್ಲ' ಎನ್ನುತ್ತಾರೆ.

ಗುತ್ತಿಗೆ ಹೆಸರಿಗಷ್ಟೇ ಇತ್ತು, ಕೆಲಸ ಹೇಳುತ್ತಿದ್ದವರು, ರಜೆ ಮಂಜೂರು ಮಾಡುತ್ತಿದ್ದವರು ಎಲ್ಲ ಕಂಪನಿಯ ಸೂಪರ್‌ವೈಸರುಗಳೇ ಎಂದು ತೋರಿಸಲಾದರೆ ಕಂಪನಿಯ ನೌಕರನೆಂದೇ ಹಕ್ಕು ಕೇಳಬಹುದು. ಅದಕ್ಕೆ ಬೇಕಾದ ಸಾಕ್ಷಿ ದೊಡ್ಡ ಕಾಗದಗಳಲ್ಲ. ಗೇಟ್ ಪಾಸು, ಕ್ಯಾಂಟೀನ್ ಕಾರ್ಡು, ವರ್ಷ ಬರೆದಿರುವ ಸುರಕ್ಷತಾ ತರಬೇತಿಯ ಚೀಟಿ, ಕಂಪನಿಯ ಸೂಪರ್‌ವೈಸರ್ ಪಾಳಿ ಹಂಚಿದ ವಾಟ್ಸ್ಆ್ಯಪ್ ಗುಂಪಿನ ಸಂದೇಶಗಳು ಇಂಥವೇ. ಕೆಲಸದಿಂದ ತೆಗೆದ ದಿನವೇ ಗುಂಪಿನಿಂದಲೂ ತೆಗೆಯುತ್ತಾರೆ; ಅದಕ್ಕೆ ಮೊದಲೇ ಸಂಭಾಷಣೆಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ನೇರವಾಗಿ ಕಂಪನಿಯ ಪಟ್ಟಿಯಲ್ಲೇ ನಿಗದಿತ ಅವಧಿಗೆ ನೇಮಕವಾದವರ ವಿಷಯ ಬೇರೆ: ಅವಧಿ ಮುಗಿದು ಹೊರಬಿದ್ದರೆ ರಿಟ್ರೆಂಚ್‌ಮೆಂಟ್ ಪರಿಹಾರ ಇಲ್ಲ, ಆದರೆ ಹೊಸ ಸಂಹಿತೆಯಲ್ಲಿ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಇದೆ.

ಪ್ರಶ್ನೆ: ಅಪ್ರೆಂಟಿಸ್ ಆಗಿದ್ದೆ, ಅವಧಿ ಮುಗಿಯುವ ಮೊದಲೇ ಕಳಿಸಿದರು. ಪರಿಹಾರ ಸಿಗುತ್ತದೆಯೇ? — ದೊಡ್ಡಬಳ್ಳಾಪುರ

ಉತ್ತರ: ಅಪ್ರೆಂಟಿಸ್‌ಗಳು ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲದ ಕಾರಣ ರಿಟ್ರೆಂಚ್‌ಮೆಂಟ್ ಪರಿಹಾರ ಇಲ್ಲ. ಆದರೆ ನೋಂದಾಯಿತ ಒಪ್ಪಂದವನ್ನು ಮಾಲೀಕರ ತಪ್ಪಿನಿಂದ ಮುರಿದರೆ ಅದರದೇ ಪರಿಹಾರ ಇರುತ್ತದೆ. ಒಪ್ಪಂದದ ಪ್ರತಿ ಹಿಡಿದು ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗೆ ಅರ್ಜಿ ಕೊಡಿ. ಉಳಿದ ತಿಂಗಳುಗಳನ್ನು ಬೇರೆ ಕಾರ್ಖಾನೆಯಲ್ಲಿ ಮುಗಿಸಲು ಅವಕಾಶ ಕೇಳಿ. ಪ್ರಮಾಣಪತ್ರ ಕೈಬಿಡುವುದು ಹಣ ಬಿಟ್ಟುಕೊಡುವುದಕ್ಕಿಂತ ದೊಡ್ಡ ನಷ್ಟ.

ಪ್ರಶ್ನೆ: ಒಂಬತ್ತು ವರ್ಷ ಎರಡು ತಿಂಗಳು ಪಿಎಫ್ ಕಟ್ಟಿದ್ದೇನೆ. ಮನೆಯ ಖರ್ಚಿಗೆ ಪೂರ್ತಿ ತೆಗೆದುಬಿಡಲೇ? ಇಎಸ್‌ಐ ಕಾರ್ಡ್ ಇನ್ನು ನಡೆಯುತ್ತದೆಯೇ? — ಜಿಗಣಿ

ಉತ್ತರ: ಪೂರ್ತಿ ತೆಗೆಯಬೇಡಿ. ಪಿಎಫ್‌ನಲ್ಲಿ ಎರಡು ಗಂಟುಗಳಿವೆ. ಒಂದು ಭವಿಷ್ಯ ನಿಧಿ, ಇನ್ನೊಂದು ಪಿಂಚಣಿ. ಪಿಂಚಣಿ ಬರಲು ಹತ್ತು ವರ್ಷದ ಸೇವೆ ಬೇಕು, ಮತ್ತು ಆರು ತಿಂಗಳು ಮುಟ್ಟಿದ ಭಾಗವನ್ನು ಒಂದು ವರ್ಷವೆಂದೇ ಎಣಿಸುತ್ತಾರೆ. ಅಂದರೆ ಒಂಬತ್ತೂವರೆ ವರ್ಷ ಆದವರಿಗೂ ಪಿಂಚಣಿ ಇದೆ. ನಿಮಗೆ ಬೇಕಾಗಿರುವುದು ಇನ್ನು ನಾಲ್ಕೇ ತಿಂಗಳು. ಈಗ ಪಿಂಚಣಿಯ ಗಂಟು ಬಿಚ್ಚಿದರೆ ಸಿಗುವುದು ಸಣ್ಣ ಮೊತ್ತ. ಒಂಬತ್ತು ವರ್ಷದ ಸೇವೆ ಅಳಿಸಿಹೋಗಿ ಮುಂದಿನ ಕೆಲಸದಲ್ಲಿ ಒಂದರಿಂದ ಎಣಿಸಬೇಕು. ಅದರ ಬದಲು ನಮೂನೆ 10ಸಿ ಹಾಕಿ, ಈವರೆಗಿನ ಸೇವೆಯನ್ನು ದಾಖಲಿಸುವ 'ಸ್ಕೀಮ್ ಸರ್ಟಿಫಿಕೇಟ್' ಕೇಳಿ, ಅಥವಾ ಹಾಗೆಯೇ ಬಿಟ್ಟು ಹೊಸ ಕೆಲಸದಲ್ಲಿ ಅದೇ ಯುಎಎನ್ ಕೊಡಿ. ತೀರ ಅಗತ್ಯವಿದ್ದರೆ ಭವಿಷ್ಯ ನಿಧಿಯಿಂದ ಬೇಕಾದಷ್ಟನ್ನೇ ತೆಗೆಯಿರಿ. ಹಿಂಪಡೆಯುವ ಮಿತಿ ಮತ್ತು ಕಾಯುವ ಅವಧಿಯ ನಿಯಮಗಳು ಈಚೆಗೆ ಬದಲಾಗುತ್ತಿರುವುದರಿಂದ ಅರ್ಜಿ ಹಾಕುವ ದಿನ ಪೋರ್ಟಲಿನಲ್ಲಿ ತೋರಿಸುವುದನ್ನೇ ನಂಬಿ, ಸ್ನೇಹಿತರ ಹಳೆಯ ಅನುಭವವನ್ನಲ್ಲ.

ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸದೆ ಸತಾಯಿಸಿದರೆ, ಕೊನೆಯ ವಂತಿಗೆಯ ತಿಂಗಳಿನಿಂದ ಎರಡು ತಿಂಗಳಾದ ಮೇಲೆ ನೀವೇ ಪೋರ್ಟಲಿನಲ್ಲಿ 'ಮಾರ್ಕ್ ಎಕ್ಸಿಟ್' ಮಾಡಬಹುದು. ಇನ್ನೊಂದು ಅಪಾಯದ ಮೇಲೆ ಕಣ್ಣಿಡಿ. ಹಣದ ಬಿಕ್ಕಟ್ಟಿನಲ್ಲಿರುವ ಕಾರ್ಖಾನೆ ನಿಮ್ಮ ಸಂಬಳದಿಂದ ಪಿಎಫ್ ಕಡಿದು ಕಟ್ಟದೆ ಉಳಿಸಿಕೊಳ್ಳುವುದುಂಟು. ಪ್ರತಿ ತಿಂಗಳ ಹಣ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಪಾಸ್‌ಬುಕ್‌ನಲ್ಲಿ ಎರಡು ತಿಂಗಳು ಖಾಲಿ ಕಂಡರೆ, ಕೆಲಸ ಹೋಗುವವರೆಗೆ ಕಾಯದೆ ಪೇ ಸ್ಲಿಪ್ ಲಗತ್ತಿಸಿ ಪಿಎಫ್ ಕುಂದುಕೊರತೆ ಪೋರ್ಟಲಿಗೆ ದೂರು ಕೊಡಿ.

ಇಎಸ್‌ಐ ಕಾರ್ಡ್ ಕೆಲಸ ಹೋದ ದಿನವೇ ಸಾಯುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಜುಲೈನಿಂದ ಡಿಸೆಂಬರ್‌ವರೆಗೆ ಸೌಲಭ್ಯ. ಮನೆಯಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ ಇದ್ದರೆ ಈ ತಿಂಗಳುಗಳನ್ನು ಲೆಕ್ಕ ಹಾಕಿಯೇ ನಡೆಯಿರಿ. ಕಾರ್ಖಾನೆ ಮುಚ್ಚಿ ಅಥವಾ ರಿಟ್ರೆಂಚ್‌ಮೆಂಟ್ ಆಗಿ ಕೆಲಸ ಕಳೆದುಕೊಂಡವರಿಗೆ ಇಎಸ್‌ಐನ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯಲ್ಲಿ ನಿರುದ್ಯೋಗ ಭತ್ಯೆ ಇದೆ: ಮೊದಲ ಹನ್ನೆರಡು ತಿಂಗಳು ವೇತನದ ಅರ್ಧ, ನಂತರದ ಹನ್ನೆರಡು ತಿಂಗಳು ಕಾಲು ಭಾಗ. ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಬೇರೆಯದು, ಗರಿಷ್ಠ 90 ದಿನ ವೇತನದ ಅರ್ಧ. ಅದನ್ನು ಅವಧಿ ಅವಧಿಗೆ ವಿಸ್ತರಿಸುತ್ತಾ ಬಂದಿರುವುದರಿಂದ ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಿ. ಎರಡಕ್ಕೂ ಮೊದಲ ಪ್ರಶ್ನೆ ಒಂದೇ: ತಾನಾಗಿ ಬಿಟ್ಟನೋ, ತೆಗೆದರೋ? ರಾಜೀನಾಮೆಯ ಹಾಳೆ ಇಲ್ಲಿಯೂ ಅಡ್ಡ ಬರುತ್ತದೆ.

ಪ್ರಶ್ನೆ: ಹದಿನಾಲ್ಕು ಜನರ ಮೆಷಿನ್ ಶಾಪ್ ನನ್ನದು. ದೊಡ್ಡ ಬಿಡಿಭಾಗ ಕಂಪನಿಯಿಂದ 110 ದಿನವಾದರೂ ಬಿಲ್ ಬಂದಿಲ್ಲ, ಆರ್ಡರೂ ಅರ್ಧ. ನಾಲ್ವರನ್ನು ತೆಗೆಯದೆ ಗತಿ ಇಲ್ಲ. ಚಿಕ್ಕ ಘಟಕಕ್ಕೆ ಕಾಯ್ದೆ ಅನ್ವಯಿಸುವುದಿಲ್ಲವಲ್ಲ? — ಪೀಣ್ಯ

ಉತ್ತರ: ಅನ್ವಯಿಸುತ್ತದೆ. ಐವತ್ತಕ್ಕಿಂತ ಕಡಿಮೆ ಜನರಿದ್ದರೆ ಲೇ-ಆಫ್ ಪರಿಹಾರದ ನಿಯಮ ಇಲ್ಲ ಅಷ್ಟೇ. ರಿಟ್ರೆಂಚ್‌ಮೆಂಟ್ ನೋಟಿಸ್, ಪರಿಹಾರ ನಿಮಗೂ ಕಡ್ಡಾಯ. ಹಣವನ್ನು ತೆಗೆಯುವ ದಿನವೇ ಕೊಡಬೇಕು. ಆಮೇಲೆ ಕೊಡುತ್ತೇನೆ ಎಂದು ಕಳಿಸಿದರೆ ಆ ಕ್ರಮವೇ ಅಸಿಂಧುವಾಗಿ, ವರ್ಷಗಳ ನಂತರ ಹಿಂಬಾಕಿ ಸಂಬಳದೊಂದಿಗೆ ವಾಪಸ್ ತೆಗೆದುಕೊಳ್ಳುವ ಆದೇಶ ಬರಬಹುದು. ಲೇ-ಆಫ್ ನಿಯಮ ಇಲ್ಲ ಎಂದು ಸಂಬಳವಿಲ್ಲದೆ ಮನೆಗೆ ಕಳಿಸುವುದೂ ಸುರಕ್ಷಿತವಲ್ಲ. ಆ ದಿನಗಳಿಗೆ ಪೂರ್ಣ ಸಂಬಳ ಕೇಳುವ ವಾದಕ್ಕೆ ಬಲವಿದೆ. ಹದಿನಾಲ್ವರೂ ವಾರಕ್ಕೆ ನಾಲ್ಕು ದಿನ ಎಂಬ ಲಿಖಿತ ಒಪ್ಪಂದವನ್ನು ಮೂರು ತಿಂಗಳಿಗೆ ಮಾಡಿಕೊಳ್ಳುವುದು ಒಳ್ಳೆಯದು. ಸೆಟ್ಟಿಂಗ್ ಬಲ್ಲ ಆಪರೇಟರ್ ಒಮ್ಮೆ ಹೋದರೆ ಆರ್ಡರ್ ಬಂದಾಗ ಸಿಗುವುದಿಲ್ಲ. ಹೊಸಬ ಕೈಹಿಡಿಯುವವರೆಗೆ ಆಗುವ ರಿಜೆಕ್ಷನ್ನಿನ ನಷ್ಟವನ್ನು ಅವನ ಮೂರು ತಿಂಗಳ ಸಂಬಳದೊಂದಿಗೆ ಹೋಲಿಸಿ ನೋಡಿ.

ಬಿಲ್ಲಿನ ಮಾತಿಗೆ ಬಂದರೆ, ನಿಮ್ಮದು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಘಟಕವಾಗಿದ್ದರೆ ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಸಣ್ಣ ಘಟಕಗಳ ಬಾಕಿ ವಸೂಲಿಗಾಗಿ ಕೇಂದ್ರ ಸರ್ಕಾರ ನಡೆಸುವ ಪೋರ್ಟಲಿನಲ್ಲಿ ದೂರು ಕೊಟ್ಟರೆ ಗಿರಾಕಿ ಕೈತಪ್ಪುತ್ತಾನೆ ಎಂಬ ನಿಮ್ಮ ಹೆದರಿಕೆ ಸಹಜ. ಮೊದಲು ಅವರ ಲೆಕ್ಕಪತ್ರ ವಿಭಾಗಕ್ಕೆ ಬರೆಯಿರಿ: ಅವಧಿ ಮೀರಿದ ಬಾಕಿಯನ್ನು ಪಾವತಿಸುವವರೆಗೆ ಅದನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂಬುದು ಅವರಿಗೆ ಗೊತ್ತು. ಖರೀದಿ ವಿಭಾಗಕ್ಕೆ ಹತ್ತು ಫೋನು ಮಾಡುವುದಕ್ಕಿಂತ ಈ ಒಂದು ಪತ್ರಕ್ಕೆ ತೂಕ ಹೆಚ್ಚು. 250 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳು ಸಣ್ಣ ಘಟಕಗಳ ಬಿಲ್ಲುಗಳಿಗೆ ಬ್ಯಾಂಕುಗಳು ಹಣ ಕೊಡುವ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಯಲ್ಲಿ ನೋಂದಾಯಿಸಿಕೊಳ್ಳಲೇಬೇಕು. ನಿಮ್ಮ ಬಿಲ್ಲನ್ನು ಅವರು ಅಲ್ಲಿ ಒಪ್ಪಿದರೆ ಬ್ಯಾಂಕಿನಿಂದ ಹಣ ಬೇಗ ಸಿಗುತ್ತದೆ, ವಸೂಲಿಯ ತಲೆನೋವು ನಿಮ್ಮದಲ್ಲ.

ಪ್ರಶ್ನೆ: ಮನೆ ಅತ್ತಿಬೆಲೆಯಲ್ಲಿ, ಕೆಲಸ ಹೊಸೂರಿನಲ್ಲಿತ್ತು. ದೂರು ಎಲ್ಲಿ ಕೊಡಬೇಕು?

ಉತ್ತರ: ಕಾರ್ಖಾನೆ ಇರುವಲ್ಲಿ, ಅಂದರೆ ತಮಿಳುನಾಡು ಕಾರ್ಮಿಕ ಇಲಾಖೆಯ ಹೊಸೂರು ಕಚೇರಿಯಲ್ಲಿ. ಅರ್ಜಿ ಇಂಗ್ಲಿಷಿನಲ್ಲಿರಲಿ. ಕರ್ನಾಟಕದೊಳಗಿನ ಕಾರ್ಖಾನೆಯವರು ತಮ್ಮ ಭಾಗದ ಕಾರ್ಮಿಕ ಅಧಿಕಾರಿಯ ಬಳಿ ಹೋಗಬೇಕು. ಎಲ್ಲಿಯೇ ಆದರೂ ಎರಡು ವರ್ಷ ಕಳೆದ ವಿವಾದವನ್ನು ಸಂಧಾನಕ್ಕೆ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: 'ಟೀಮ್ ಲೀಡರ್' ಎಂದು ಬಡ್ತಿ ಕೊಟ್ಟಿದ್ದರು. ಈಗ 'ನೀವು ಕಾರ್ಮಿಕರಲ್ಲ, ಪರಿಹಾರ ಇಲ್ಲ' ಎನ್ನುತ್ತಾರೆ. — ಹಾರೋಹಳ್ಳಿ

ಉತ್ತರ: ಹೆಸರು ನಿರ್ಣಾಯಕವಲ್ಲ, ಮಾಡುವ ಕೆಲಸ ನಿರ್ಣಾಯಕ. ಮೇಲ್ವಿಚಾರಣೆಯೇ ಮುಖ್ಯ ಕೆಲಸವಾಗಿದ್ದು ವೇತನ ತಿಂಗಳಿಗೆ 18,000 ಮೀರಿದ್ದರೆ ಮಾತ್ರ ಅವರ ಮಾತಿಗೆ ಆಧಾರವಿದೆ. ದಿನದ ಬಹುಭಾಗ ನೀವೇ ಯಂತ್ರ ನಡೆಸುತ್ತಿದ್ದಿರಿ, ರಜೆ ಮಂಜೂರಾತಿಯ ಅಧಿಕಾರ ನಿಮಗಿರಲಿಲ್ಲ ಎಂದಾದರೆ ನೀವು ಕಾರ್ಮಿಕರೇ. ನಿಮ್ಮ ಸಹಿ ಇರುವ ಉತ್ಪಾದನಾ ಶೀಟುಗಳು ಇದಕ್ಕೆ ಅತ್ಯುತ್ತಮ ಸಾಕ್ಷಿ.

ಪ್ರಶ್ನೆ: ಎಂಜಿನ್ ಭಾಗಗಳ ಸಿಎನ್‌ಸಿ ಟರ್ನಿಂಗ್‌ನಲ್ಲಿ ಒಂಬತ್ತು ವರ್ಷ. ಎಲೆಕ್ಟ್ರಿಕ್ ವಾಹನ ಬಂದ ಮೇಲೆ ಈ ಕೆಲಸಕ್ಕೆ ಭವಿಷ್ಯ ಇಲ್ಲವೆನ್ನುತ್ತಾರೆ. ಏನು ಕಲಿಯಲಿ? — ದಾಬಸ್‌ಪೇಟೆ

ಉತ್ತರ: ಕಡಿಮೆಯಾಗುವುದು ಪಿಸ್ಟನ್, ವಾಲ್ವ್, ಇಂಜೆಕ್ಟರ್, ಸೈಲೆನ್ಸರ್‌ನಂಥ ಭಾಗಗಳು. ಬ್ರೇಕ್, ಸಸ್ಪೆನ್ಷನ್, ಸ್ಟಿಯರಿಂಗ್ ಎಲೆಕ್ಟ್ರಿಕ್ ಕಾರಿಗೂ ಬೇಕು. ಮೋಟರಿನ ಶಾಫ್ಟ್ ಸಹ ಟರ್ನಿಂಗ್ ಮತ್ತು ಗ್ರೈಂಡಿಂಗ್ ಆಗಿಯೇ ಬರಬೇಕು. ಹಾಗಾಗಿ ಕೈಯಲ್ಲಿರುವ ಕಸುಬು ಬಿಟ್ಟು ಬ್ಯಾಟರಿ ಕೋರ್ಸಿಗೆ ಹಣ ಸುರಿಯಬೇಡಿ. ಆಪರೇಟರ್‌ನಿಂದ ಸೆಟ್ಟರ್ ಆಗುವುದೇ ಮೊದಲ ಮೆಟ್ಟಿಲು.

ವ್ಯತ್ಯಾಸ ಇಷ್ಟು. ಆಪರೇಟರ್ ಭಾಗ ಹಾಕಿ, ಬಾಗಿಲು ಮುಚ್ಚಿ, ಸೈಕಲ್ ಸ್ಟಾರ್ಟ್ ಒತ್ತುತ್ತಾನೆ. ಸೆಟ್ಟರ್ ಭಾಗವನ್ನು ಕಚ್ಚಿ ಹಿಡಿಯುವ ಮೃದು ದವಡೆಗಳನ್ನು (ಸಾಫ್ಟ್ ಜಾ) ಬೋರ್ ಮಾಡಿ ಕೂರಿಸುತ್ತಾನೆ, ಟೂಲ್ ಟಚ್ ಮಾಡಿ ಆಫ್‌ಸೆಟ್ ಹಾಕುತ್ತಾನೆ, ಮೊದಲ ಭಾಗವನ್ನು ಅಳೆದು ವ್ಯಾಸ 0.02 ಮಿಮೀ ಹೆಚ್ಚಿದ್ದರೆ ವೇರ್ ಆಫ್‌ಸೆಟ್‌ನಲ್ಲಿ ಅಷ್ಟೇ ಇಳಿಸಿ ಎರಡನೇ ಭಾಗ ತೆಗೆಯುತ್ತಾನೆ. ಬೆಳಿಗ್ಗೆ ತಣ್ಣಗಿದ್ದ ಯಂತ್ರ ಎರಡು ಗಂಟೆ ಓಡಿದ ಮೇಲೆ ಅಳತೆ ಜರುಗುವುದು ಯಾಕೆ, ಇನ್ಸರ್ಟ್ ಸವೆದದ್ದಕ್ಕೋ ಸ್ಪಿಂಡಲ್ ಬಿಸಿಯಾದದ್ದಕ್ಕೋ ಎಂದು ಹೇಳಬಲ್ಲವನಿಗೆ ಕುಸಿತದ ಕಾಲದಲ್ಲೂ ಕೆಲಸ ಸಿಗುತ್ತದೆ. ಎರಡನೆಯದು ಭಾಗದ ಎಂಜಿನಿಯರಿಂಗ್ ಚಿತ್ರದ ಮೇಲಿನ ಜ್ಯಾಮಿತೀಯ ಚಿಹ್ನೆಗಳನ್ನು ಓದುವುದು, ಸಿಎಂಎಂ ಯಂತ್ರದಲ್ಲಿ ಅಳೆಯುವುದು. ದೇವನಹಳ್ಳಿ, ಬೆಳಗಾವಿಯ ವಿಮಾನ ಬಿಡಿಭಾಗ ಘಟಕಗಳು ಸಂದರ್ಶನದಲ್ಲಿ ಮೊದಲು ಚಿತ್ರವನ್ನೇ ಕೈಗೆ ಕೊಡುತ್ತವೆ. ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದ ಶಾಖೆಗಳಲ್ಲಿ ಇಂಥ ಅಲ್ಪಾವಧಿ ತರಬೇತಿಗಳಿವೆ. ಮರುಕೌಶಲ ನಿಧಿಯಿಂದ ಬರುವ ಹದಿನೈದು ದಿನದ ವೇತನವನ್ನು ಇದಕ್ಕೇ ಎತ್ತಿಡಿ.

ಅನುಭವ ಪತ್ರದಲ್ಲಿ ಬರೀ 'ಸಿಎನ್‌ಸಿ ಆಪರೇಟರ್, 9 ವರ್ಷ' ಎಂದು ಇರದಿರಲಿ. ಯಂತ್ರದ ಮಾದರಿ, ಫ್ಯಾನುಕ್ ಅಥವಾ ಸೀಮೆನ್ಸ್ ಯಾವ ಕಂಟ್ರೋಲ್, ಯಾವ ಲೋಹ, ಹಿಡಿದ ಕನಿಷ್ಠ ಟಾಲರೆನ್ಸ್ ಎಷ್ಟು, ಸೆಟ್ಟಿಂಗ್ ಗೊತ್ತೇ ಎಂಬುದು ಸೇರಲಿ. ಇದನ್ನು ಬರೆಸಿಕೊಳ್ಳಲು ಹೊಸ ಎಚ್‌ಆರ್ ಬರುವ ಮೊದಲೇ ನಿಮ್ಮ ಲೈನ್ ಎಂಜಿನಿಯರನ್ನು ಕೇಳಿ.

ಪ್ರಶ್ನೆ: ಮೂರು ತಿಂಗಳ ಸಂಬಳ ಬಾಕಿ ಇಟ್ಟು ಗೇಟಿಗೆ ಬೀಗ ಹಾಕಿದ್ದಾರೆ. ಕಂಪನಿ ದಿವಾಳಿ ನ್ಯಾಯಮಂಡಳಿಗೆ ಹೋಗಿದೆಯಂತೆ. ನಮ್ಮ ಹಣ ಮುಳುಗಿತೇ? — ಕುಂಬಳಗೋಡು

ಉತ್ತರ: ಮುಳುಗಿಲ್ಲ, ಆದರೆ ಸುಮ್ಮನಿದ್ದರೆ ಮುಳುಗುತ್ತದೆ. ದಿವಾಳಿ ಪ್ರಕ್ರಿಯೆ ನಡೆಸಲು ನ್ಯಾಯಮಂಡಳಿ ನೇಮಿಸಿದ ವೃತ್ತಿಪರರು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟಿರುತ್ತಾರೆ. ಅವರ ವಿಳಾಸ, ಇಮೇಲ್, ಕೊನೆಯ ದಿನಾಂಕ ಅದರಲ್ಲೇ ಇರುತ್ತದೆ. ಬಾಕಿ ಕೇಳಿ ಅರ್ಜಿ ಹಾಕಲು ಒಬ್ಬೊಬ್ಬರಾದರೆ ನಮೂನೆ ಡಿ, ಎಲ್ಲರ ಪರವಾಗಿ ಒಬ್ಬ ಪ್ರತಿನಿಧಿಯಾದರೆ ನಮೂನೆ ಇ. ಬಾಕಿ ಸಂಬಳ, ರಜೆ, ಬೋನಸ್, ಪರಿಹಾರ, ಗ್ರಾಚ್ಯುಟಿ, ಒಂದೊಂದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಪೇ ಸ್ಲಿಪ್ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿ ಲಗತ್ತಿಸಿ. ಕಂಪನಿ ಕೊನೆಗೆ ಮಾರಾಟಕ್ಕೆ ಹೋದರೆ, ಅದಕ್ಕೆ ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿಗೆ ಅಡಮಾನದ ಬ್ಯಾಂಕುಗಳಿಗೆ ಸಮನಾದ ಸ್ಥಾನವಿದೆ. ಪಿಎಫ್ ಮತ್ತು ಗ್ರಾಚ್ಯುಟಿ ನಿಧಿಯ ಹಣ ಆ ಹಂಚಿಕೆಯ ಗಂಟಿಗೆ ಸೇರುವುದೇ ಇಲ್ಲ. ಗೇಟಿನ ಮುಂದೆ ಒಂದು ಭಾನುವಾರ ಎಲ್ಲರೂ ಸೇರಿ, ಸೇವೆಗೆ ಸೇರಿದ ದಿನಾಂಕ, ಯುಎಎನ್, ಬ್ಯಾಂಕ್ ಖಾತೆ, ಬಾಕಿ ಮೊತ್ತ ಬರೆದ ಒಂದೇ ಪಟ್ಟಿ ಮಾಡಿ. ಊರಿಗೆ ವಾಪಸ್ ಹೋದ ಗುತ್ತಿಗೆ ಕೆಲಸಗಾರರನ್ನೂ ಫೋನಿನಲ್ಲಿ ಕೇಳಿ ಅದೇ ಪಟ್ಟಿಗೆ ಸೇರಿಸಿ. ಅವರ ಸಂಬಳದ ಹೊಣೆಯೂ ಈ ಕಂಪನಿಯದೇ.